ಡೆಲ್ಫ್ಟ್ ತಟ್ಟೆ ಇದ್ದ ಗೋಡೆ

ತೊಂಬತ್ಮೂರರಲ್ಲಿ ನಮ್ಮವರಿಗೆ ಬ್ಯಾಂಕಿನ ವರ್ಗವಾಗಿ ನಾವು ಸೂರತ್‌ನಲ್ಲಿದ್ದೆವು. ನನಗೆ ಹಳೆಯ ಪಿಂಗಾಣಿ ಗುರುತಿಸಲು ಬರುತ್ತದೆಂದು ತಿಳಿದು, ಪಕ್ಕದ ಬೀದಿಯ ಫ್ರೇದೂನ್ ತನ್ನ ತಾಯಿಯ ಅಕ್ಕ ಖೋರ್ಶೇದ್ ಮಾಸಿಯ ಮನೆಗೆ ಕರೆದೊಯ್ದ. ಆ ಪಾರ್ಸಿ ಮುದುಕಿಯ ಮಂಚಕ್ಕೆ ತಾಗಿದ ಗೋಡೆಯಲ್ಲಿ ನೀಲಿ ಹೂವಿನ ಡಚ್ ತಟ್ಟೆಯೊಂದನ್ನು ತೂಗುಹಾಕಿದ್ದರು.

“ಅಲ್ಲಿಂದಲೇ ನೋಡು ದೀಕ್ರಿ, ಇಳಿಸಬೇಡ ಮಗಳೇ,” ಎಂದರು ಮಾಸಿ.

ಹಿಂಬದಿ ನೋಡದೆ ಹೇಳಲಾಗದೆಂದು ನಾನು ಇಳಿಸಿಯೇಬಿಟ್ಟೆ. ಅಂಚಿನಲ್ಲಿ ಹೊಳಪು ಉದುರಿದ ಕಡೆ ಹಳದಿ ಮಣ್ಣು ಕಾಣುತ್ತಿತ್ತು. ಬೆರಳಿನಿಂದ ತಟ್ಟಿದರೆ ಮಂದ ಸದ್ದು. ಹಾಲೆಂಡಿನ ಡೆಲ್ಫ್ಟ್ ಊರಿನ ಅಸಲಿ ಮಣ್ಣಿನ ತಟ್ಟೆ ಎಂದೆ. ಫ್ರೇದೂನ್ ಆಗಲೇ ಅದನ್ನು ಮಾರಲು ಒಯ್ದ. ಮೇ ತಿಂಗಳ ಸೆಕೆಯಲ್ಲೂ ಆ ಬರಿಗೋಡೆಯಿಂದ ತಣ್ಣನೆಯ ಗಾಳಿ ನನ್ನ ಕತ್ತಿಗೆ ತಾಗಿತು. ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ.

ಮನಸ್ಸು ತಡೆಯದೆ ಮರುವಾರ ಮತ್ತೆ ಹೋದೆ. ಮಾಸಿ ಮಂಚದ ಮೇಲೆ, ತಟ್ಟೆ ಇದ್ದ ಜಾಗಕ್ಕೆ ಬೆನ್ನು ಒತ್ತಿ ಕೂತಿದ್ದರು. ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿತ್ತು.

“ತಪ್ಪು ನನ್ನದು ಮಾಸಿ,” ಎಂದೆ.

“ಅದಿರಲಿ. ಸ್ವಲ್ಪ ಹೊತ್ತು ನೀನು ಇಲ್ಲಿ ಒರಗಿ ಕೂರು. ನಾನು ಸ್ನಾನ ಮಾಡಿ ಬರುತ್ತೇನೆ.”

ಕೂತೆ. ಸ್ವಲ್ಪ ಹೊತ್ತಿನಲ್ಲೇ ಗೋಡೆಯಾಚೆಯಿಂದ ಇನ್ನೊಂದು ಬೆನ್ನು ನನ್ನ ಬೆನ್ನಿಗೆ ಒರಗಿತು. ಅದು ಉಸಿರಾಡುವುದು ನನಗೆ ತಿಳಿಯುತ್ತಿತ್ತು.

ಅದು ಎರಡನೇ ಮಹಡಿ. ಆ ಗೋಡೆಯಾಚೆ ಕೋಣೆಯಿಲ್ಲ, ಕೆಳಗೆ ರಸ್ತೆಯಷ್ಟೇ.