ಮೂರು ಗುಂಡಿ, ಒಂದೇ ಕೈ

ಸಿಂಚನಾ ಗವಸು ತೊಟ್ಟು ಗೋಡೆಯ ಫಲಕದಲ್ಲಿ ‘ಅಮ್ಮ’ ಎಂಬ ಗುಂಡಿ ಒತ್ತಿದರು. ಗವಸಿನೊಳಗೆ ಒಂದು ಕೈ ಅವರ ಅಂಗೈ ಹಿಡಿಯಿತು. ಅಗಲವಾದ, ಭಾರವಾದ ಕೈ.

ಹಿಡಿದ ಕೈಯ ಬಿಸಿಯನ್ನೂ ಒತ್ತಡವನ್ನೂ ದಾಖಲಿಸುವ ಗವಸು ಮನೆಮನೆಗೆ ಬಂದು ಬಹಳ ವರ್ಷಗಳಾಗಿದ್ದವು. ಜನ ಫೋಟೊ ತೆಗೆದಿಡುವ ಹಾಗೆ ತಮ್ಮವರ ಕೈಗಳನ್ನು ದಾಖಲಿಸಿಡುತ್ತಿದ್ದರು. ಆ ಹಿಡಿತವನ್ನು ಗವಸಿನೊಳಗೆ ಮರಳಿ ಕೊಡುವ ಯಂತ್ರ ಮಾತ್ರ ಹೊಸದು. ಅದನ್ನು ಕಂಡುಹಿಡಿದ ಆರ್ದ್ರಾ ದಾವಣಗೆರೆಯ ಕೆಲವು ಮನೆಗಳಲ್ಲಿ ಪರೀಕ್ಷೆಗೆ ಇಟ್ಟಿದ್ದಳು. ಇವತ್ತು ತಪಾಸಣೆಗೆ ಬಂದವಳು ತಾನೂ ಗವಸು ತೊಟ್ಟು ನೋಡಿದಳು. ಸಿಂಚನಾ ಅವರ ಅಮ್ಮ, ಮಗಳು ತನು, ಗಂಡ. ಮೂವರೂ ತೀರಿಕೊಂಡವರು. ಮೂರು ಗುಂಡಿಗೂ ಅದೇ ಕೈ.

“ಆಂಟಿ, ಇದು ಯಾರದು?”

“ನಮ್ಮ ಯಜಮಾನರದು.”

“‘ತನು’ ಅನ್ನೋ ಗುಂಡಿ ಒತ್ತಿದರೂ?”

“ಹ್ಞೂಂ. ಮೊದಲಿಂದಲೂ ಹಾಗೇ. ಮಂಡಕ್ಕಿ ತಗೋಮ್ಮ, ಮೆತ್ತಗಾಗುತ್ತೆ.”

ಆರ್ದ್ರಾಳಿಗೆ ತನ್ನ ತಪ್ಪು ತಿಳಿಯಿತು. ಗುಂಡಿ ಒತ್ತಿದಾಗ ನಡೆಯಬೇಕಾದ ಕೆಲಸವನ್ನು ಯಂತ್ರದ ಪ್ರೋಗ್ರಾಮಿನಲ್ಲಿ ಮೊದಲೇ ಬರೆದಿಡುತ್ತಾರೆ. ಯಾರ ಕೈ ಎಂಬ ವಿವರವನ್ನೂ ಆಗಲೇ ಅದರ ಜೊತೆ ಬುತ್ತಿಯಂತೆ ಕಟ್ಟಿಕೊಡಬೇಕು. ಕಟ್ಟದಿದ್ದರೆ, ಒತ್ತಿದ ಹೊತ್ತಿಗೆ ಒಲೆಯ ಮೇಲೆ ಏನಿದೆಯೋ ಅದೇ ಎಲ್ಲರಿಗೂ. ಒಲೆಯ ಮೇಲೆ ಉಳಿದದ್ದು ಕೊನೆಗೆ ಸೇರಿಸಿದ ಹೆಸರು, ಗಂಡನದು. ಬೇರೆ ಮನೆಗಳಲ್ಲಿ ಒಂದೊಂದೇ ಗುಂಡಿ ಇದ್ದುದರಿಂದ ತಪ್ಪು ಕಂಡಿರಲಿಲ್ಲ.

“ಒಂದು ಮಾತು ಹೇಳಬಾರದಿತ್ತಾ?”

“ಹೇಳೋದೇನು? ಅಮ್ಮ ನನಗೆ ಫೋನ್ ಮಾಡಿದರೂ ಅವರೇ ಎತ್ತುತ್ತಿದ್ದರು. ತನುಗೆ ಯಾವ ಸ್ಕೂಲು ಅಂತ ನನ್ನ ಕೇಳಿದರೂ ಉತ್ತರ ಅವರದೇ. ಯಂತ್ರಕ್ಕೂ ಗೊತ್ತಾಗಿರಬೇಕು ಅಂದುಕೊಂಡೆ.”

ದೂರಿನ ದನಿಯಲ್ಲ ಅದು. ಹಾಲು ಬಂತು ಎಂದಷ್ಟೇ ಸಹಜ.

ಆರ್ದ್ರಾ ತಿದ್ದಿದಳು. ಒಂದೇ ಸಾಲು.

ಸಿಂಚನಾ ‘ತನು’ ಒತ್ತಿದರು. ಪುಟ್ಟ ಬೆರಳುಗಳು ಅವರ ಕಿರುಬೆರಳನ್ನು ಸುತ್ತಿ ಜಗ್ಗಿದವು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಇದು ಅವಳದೇ ತಾನೇ?”

“ದಾಖಲೆ ಅವಳದೇ ಆಂಟಿ.”

“ದಾಖಲೆ ಸರಿ. ಕೈ?”

ತನುವಿನ ಕೈಯನ್ನು ಬಲ್ಲವರು ಈಗ ಈ ಮನೆಯಲ್ಲಿ ಒಬ್ಬರೇ. ಸಿಂಚನಾ ಅವರ ಬೆರಳು, ಯಜಮಾನರನ್ನು ಕೇಳಿ ತಿಳಿಯುವಂತೆ, ತಾನಾಗಿಯೇ ಗಂಡನ ಗುಂಡಿಯ ಕಡೆ ಹೋಯಿತು. ಗಾಳಿಯಲ್ಲೇ ನಿಂತಿತು. ಆಮೇಲೆ ಮತ್ತೆ ‘ತನು’ವನ್ನೇ ಒತ್ತಿತು.

“ನೀನು ಹೊರಡಮ್ಮ,” ಎಂದರು. “ನಾನು ಸ್ವಲ್ಪ ಹೊತ್ತು ನೋಡ್ತೀನಿ. ಗೊತ್ತಾಗುತ್ತೆ.”

ಸಂಜೆ ಶಾಲೆಯ ಗೇಟಿನಲ್ಲಿ ಆರ್ದ್ರಾಳ ಮಗಳು ಓಡಿಬಂದು ಅವಳ ಕೈ ಹಿಡಿದಳು. ದಿನವೂ ಹಿಡಿಯುವ ಕೈ. ಕಿಕ್ಕಿರಿದ ಮಕ್ಕಳ ನಡುವೆ ಬರೀ ಮುಟ್ಟಿ ಇದನ್ನು ಗುರುತಿಸಬಲ್ಲೆನೇ? ರಸ್ತೆಯ ಅಂಚಿನಲ್ಲಿ ನಿಂತು ಕಣ್ಣು ಮುಚ್ಚಿದಳು.

“ಅಮ್ಮಾ, ಏನ್ ಮಾಡ್ತಿದ್ದೀಯ? ಬಸ್ ಬರ್ತಿದೆ!”

“ಇರು,” ಎಂದಳು ಆರ್ದ್ರಾ. “ಕೈ ಬಿಡಬೇಡ.”