ಸುರಂಗ ಬಾವಿಗೆ ಬಿದ್ದ ಕ್ಯಾಮೆರಾ

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಆರು ತಿಂಗಳಾಗಿತ್ತು. ಊರಿನ ನೆಲದಡಿ ಹರಿಯುವ ಹಳೆಯ ಸುರಂಗ ಬಾವಿಯ ಫೋಟೋ ತರಬೇಕೆಂದು ಇಲಾಖೆಯ ಹುಕುಂ ಬಂತು. ಹೊರಟವರು ಮೂವರು: ಮೈಸೂರಿನಿಂದ ಬಂದ ಫೋಟೋ ಸಾಹೇಬ, ಬಾವಿಯ ಹೂಳೆತ್ತುವ ಶರಫೋದ್ದೀನ, ಔರಾದ ಕಡೆಯ ಎಕಂಬಾದ ಗೋರಖನಾಥ. ಗೋರಖನಾಥ ಇಲಾಖೆಯ ಹಂಗಾಮಿ ಜವಾನ. ಬರುವ ತಿಂಗಳು ಕಾಯಂ ಆಗಬೇಕಿತ್ತು. ಸಾಹೇಬನೋ, ರೈಲಿಳಿದಂದಿನಿಂದ ಇಲ್ಲಿಯ ನೀರು, ರೊಟ್ಟಿ, ಮಾತು ಎಲ್ಲಕ್ಕೂ ಮೂಗು ಮುರಿಯುತ್ತಿದ್ದ. ಇಂಥವನ ಚೀಲ ಹೊರುವುದೇ ಗೋರಖನಾಥನಿಗೆ ಹೇಸಿಗೆಯಾಗಿತ್ತು.

ಮೊದಲು ಸಾಹೇಬನನ್ನು ಹಗ್ಗ ಕಟ್ಟಿ ಇಳಿಸಿದರು. ಆಮೇಲೆ ಜರ್ಮನ್ ಕ್ಯಾಮೆರಾದ ಚೀಲ.

"ಇನ್ನಾ ಇಳಸ್ಲೇನ್ರಿ ಸಾಹೇಬ್ರ?"

"ಸಾಕು ಬಿಡಯ್ಯಾ!"

ಗೋರಖನಾಥ ಹಗ್ಗ ಬಿಟ್ಟ. ಚೀಲ ಇನ್ನೂ ಆಳೆತ್ತರದಲ್ಲಿತ್ತು. ಧೊಪ್ಪನೆ ಹೂಳಿನ ಮೇಲೆ ಬಿತ್ತು.

"ನಿಲ್ಲಿಸು ಅಂದ್ರೆ ಬಿಟ್ಟೆಯಲ್ಲೋ ಕತ್ತೆ!"

"ಬಿಡು ಅಂದ್ರಿ, ಬಿಟ್ಟಿನ್ರಿ. ನಿಲ್ಸೂದಿದ್ರ ನಮ್ಮ ಕಡಿ ನಿಲ್ಸು ಅಂತಾರ್ರಿ."

ಕ್ಯಾಮೆರಾದ ಷಟರ್ ಕಚ್ಚಿಕೊಂಡಿತ್ತು. ಮೇಲೆ ಬಂದ ಸಾಹೇಬ ಅಲ್ಲೇ ಕಾಗದ ತೆಗೆದು ಬರೆದ: ಜವಾನನ ತಪ್ಪು, ಬೊಂಬಾಯಿಯ ರಿಪೇರಿಗೆ ನೂರಾ ಎಂಬತ್ತು ರೂಪಾಯಿ, ಪಗಾರದಲ್ಲಿ ಮುರಿದುಕೊಳ್ಳುವುದು.

"ಇದು ಮೇಲೆ ಹೋದರೆ ನೀನು ಕಾಯಂ ಆದ ಹಾಗೇ."

ಗೋರಖನಾಥ ಕ್ಯಾಮೆರಾಕ್ಕೆ ಕೈ ಚಾಚಿದ. "ಎರಡ ದಿನಾ ಕೊಡ್ರಿ. ನಾ ಕೆಡಿಸೀನಿ, ನಾನ ನೆಟ್ಟಗ ಮಾಡಸ್ತೇನಿ."

"ಈ ಊರಲ್ಲಾ?" ಸಾಹೇಬ ಹಲ್ಲು ಕಿರಿದ. ಕಾಗದ ಜೇಬಿಗಿಟ್ಟು ಕ್ಯಾಮೆರಾ ಕೊಟ್ಟ.

ಭಾಲ್ಕಿಯಲ್ಲಿ ಗಡಿಯಾರ ರಿಪೇರಿ ಮಾಡುವ ಅಬ್ದುಲ ಸಮದ ಕ್ಯಾಮೆರಾ ಬಿಚ್ಚಿದ. ಚಿಮಟದಿಂದ ಒಂದು ಕೆಂಪು ಮರಳಕಣ ತೆಗೆದ, ಬಾಗಿದ ಸ್ಪ್ರಿಂಗ್ ನೇರ ಮಾಡಿದ. "ಇಷ್ಟಕ್ಕ ಬಂಬಯಿ? ನಿಮ್ಮ ಸಾಹೇಬ ಹುಚ್ಚ ದಿವಾನಾ ಹಾನೇನು?" ಮೂರು ರೂಪಾಯಿ ಎಣಿಸಿಕೊಂಡು ಚೀಟಿ ಬರೆದುಕೊಟ್ಟ.

ಮೂರನೆಯ ದಿನ ಸಾಹೇಬನೂ ಕ್ಯಾಮೆರಾ ಹಿಡಿದ ಗೋರಖನಾಥನೂ ಇಳಿದರು. ಎರಡೂ ಬದಿಗೆ ಕೆಂಪು ಜಂಬಿಟ್ಟಿಗೆ ಗೋಡೆ, ಮೊಣಕಾಲುದ್ದ ತಣ್ಣನೆಯ ನೀರು, ತಲೆಯ ಮೇಲೆ ಜೋತುಬಿದ್ದ ಬಾವಲಿಗಳು. ಬಾವಿಯ ಬಾಯಲ್ಲಿ ಶರಫೋದ್ದೀನ ಕನ್ನಡಿ ಹಿಡಿದು ಬಿಸಿಲನ್ನು ಕೆಳಗೆ ಕಳಿಸುತ್ತಿದ್ದ. ತಳದಲ್ಲಿ ಓರೆಯಾಗಿ ನಿಲ್ಲಿಸಿದ ಇನ್ನೊಂದು ಕನ್ನಡಿಯಿಂದ ಆ ಬೆಳಕು ಸುರಂಗದುದ್ದಕ್ಕೂ ಹರಿಯುತ್ತಿತ್ತು.

ಬೆಳಕು ಬಿದ್ದದ್ದೇ ತಡ, ಬಾವಲಿಗಳು ಭರ್ರನೆ ಎದ್ದವು. ಸಾಹೇಬ ಚೀರಿ ಓಡಿದ. ಹೂಳಿನ ಗುಂಡಿಯಲ್ಲಿ ಕಾಲು ಸಿಕ್ಕಿತು. ಸೊಂಟ ಮುಳುಗಿತು. ಎದೆ ಮುಳುಗಿತು.

ಗೋರಖನಾಥ ಎಡಗೈಯಲ್ಲಿ ಕ್ಯಾಮೆರಾ ಮೇಲೆತ್ತಿ, ಬಲಗೈಯಲ್ಲಿ ಸಾಹೇಬನ ಕಾಲರು ಹಿಡಿದು ಜಗ್ಗಿದ. ಮತ್ತೆ ಜಗ್ಗಿದ. ಒಂದು ಬೂಟು ಕೆಸರಲ್ಲೇ ಉಳಿಯಿತು, ಸಾಹೇಬ ಅಳುತ್ತ ಹೊರಬಂದ.

"ಅಳಬ್ಯಾಡ್ರಿ. ಫೋಟೋ ಹೊಡೀರಿ."

ಸಾಹೇಬ ಕೆಸರುಗೈ ಒರೆಸಿಕೊಂಡು ಎದ್ದ. ಗೋರಖನಾಥನ ಹೆಗಲ ಮೇಲೆ ಕ್ಯಾಮೆರಾ ಊರಿ ಗುಂಡಿ ಒತ್ತಿದ. ಷಟರ್ ಚಕ್ಕೆಂದಿತು. ಒಂದಲ್ಲ, ಆರು ಸಲ.

ಮೇಲೆ ಬಂದ ಮೇಲೆ ಸಾಹೇಬ ಮೂರು ರೂಪಾಯಿ ಚಾಚಿದ. "ಇಟ್ಕೊಳಯ್ಯ. ಆ ಕಾಗದ ಹರಿದು ಹಾಕ್ತೀನಿ."

ಆ ನೋಟುಗಳನ್ನು ಮುಟ್ಟಲೂ ಗೋರಖನಾಥನಿಗೆ ಮನಸ್ಸಾಗಲಿಲ್ಲ. "ನನ್ನ ಕೈಯಿಂದ ಕೆಟ್ಟದ, ನಾನ ಕೊಟ್ಟೀನ್ರಿ. ಕಾಗದ ಹರೀಬ್ಯಾಡ್ರಿ. ಮೂರು ರೂಪಾಯಿ ಅಂತ ತಿದ್ರಿ. ಮ್ಯಾಲಿನವ್ರೂ ಓದ್ಲಿ."

ಸಾಹೇಬ ತಲೆ ತಗ್ಗಿಸಿ ತಿದ್ದಿದ. ಗೋರಖನಾಥ ಚೀಟಿಯನ್ನು ಅದಕ್ಕೆ ಟಾಚಣಿಯಿಂದ ಚುಚ್ಚಿ, ಕಾಗದ ಹಿಡಿದು ತಾನೇ ಕಚೇರಿಯತ್ತ ನಡೆದ. ಹಿಂದೆ ಒಂದೇ ಬೂಟಿನ ಸಾಹೇಬ ಕುಂಟುತ್ತ ಬಂದ.