ತಾಯಿಯ ಕಡೆಯಿಂದ ಬಂದದ್ದು

“ಈ ಕರು ಸಾಕೋದು ಬೇಡ. ತಾಯಿಗೂ ಕೆಚ್ಚಲುಬಾವು, ಅಜ್ಜಿಗೂ ಕೆಚ್ಚಲುಬಾವು. ರಕ್ತದಲ್ಲೇ ಬಂದಿರುತ್ತೆ” ಎಂದರು ದನದ ಡಾಕ್ಟರು. ಕೊಟ್ಟಿಗೆಗೆ ಬಂದಾಗಲೆಲ್ಲ ಕರುವಿಗಿಂತ ಮೊದಲು ಅದರ ತಾಯಿಯನ್ನು ವಿಚಾರಿಸುವುದು ಅವರ ರೂಢಿ.

ಕರುವಿನ ಕೊರಳು ತಬ್ಬಿ ಕೂತಿದ್ದ ಮನೆಯ ಹುಡುಗಿಯ ಕೈ ಸಡಿಲವಾಯಿತು. ಮದುವೆಯಾಗ್ತೀರಾ ಎಂದು ಡಾಕ್ಟರು ಕೇಳಿದ್ದಕ್ಕೆ ಅವಳು ಇವತ್ತು ಉತ್ತರ ಕೊಡಬೇಕಿತ್ತು.

“ಸರಿ ಡಾಕ್ಟ್ರೇ. ನನ್ನ ಉತ್ತರಾನೂ ಅದೇ. ಬೇಡ.”

ಅವಳು ಎದ್ದು ಹೋದಳು.

ಹಾಲಿನ ಕ್ಯಾನು ತಿಕ್ಕುತ್ತಿದ್ದ ಚಿಕ್ಕಮ್ಮ ಕೈ ನಿಲ್ಲಿಸಲಿಲ್ಲ. “ಯಾರ ಮುಂದೆ ಏನು ಮಾತಾಡ್ತಿದೀನಿ ಅಂತ ನೋಡ್ಬಾರ್ದೇನಪ್ಪಾ? ಇವಳಮ್ಮ, ನಮ್ಮಕ್ಕ, ಎದೆ ಕ್ಯಾನ್ಸರ್‌ನಲ್ಲಿ ಹೋದಳು. ನಮ್ಮಮ್ಮಾನೂ ಹಾಗೇ. ಹೋದ ವಾರ ಇವಳ ರಕ್ತ ಪರೀಕ್ಷೆ ರಿಪೋರ್ಟೂ ಬಂತು. ಹೋಗು, ಇಲ್ಲೇ ಕಂಬದ ಹಾಗೆ ನಿಂತ್ಕೋಬೇಡ.”

ಅವಳು ಹಿತ್ತಿಲಲ್ಲಿ ಹಸಿಹುಲ್ಲು ಕತ್ತರಿಸುತ್ತಿದ್ದಳು. ಅವರು ಬಂದದ್ದು ತಿಳಿದರೂ ತಲೆ ಎತ್ತಲಿಲ್ಲ. ಕಿವಿಯ ಬಳಿ ಹುಲ್ಲಿನೆಸಳೊಂದು ಅಂಟಿಕೊಂಡಿತ್ತು.

“ನಾನು ಕರು ವಿಷಯ ಹೇಳಿದ್ದು.”

“ಗೊತ್ತು. ಹೇಳಿದ್ದು ಸರಿಯಾಗೇ ಇತ್ತು.” ಒಂದು ಹಿಡಿ ಹುಲ್ಲು ಕತ್ತರಿಸಿದ ಮೇಲೆ ಮಾತು ಮುಂದುವರಿಯಿತು. “ಜೀವಕೋಶ ದಾರಿ ತಪ್ಪಿದ್ರೆ ತಡೆಯೋ ಜೀನ್ ಒಂದಿದೆಯಂತೆ. ನನ್ನಲ್ಲಿ ಆ ಜೀನ್ ನೆಟ್ಟಗೇ ಇದೆ. ಅದನ್ನ ಕೆಲಸಕ್ಕೆ ಎಬ್ಬಿಸೋ ಜಾಗದಲ್ಲಿ ಡಿಎನ್‌ಎಯ ಒಂದಕ್ಷರ ಬೇರೆ. ಅಮ್ಮನಿಂದ ಬಂದಿದ್ದು. ಹಾಗಾಗಿ ಅದು ಮಂದವಾಗಿ ದುಡಿಯುತ್ತೆ. ಕ್ಯಾನ್ಸರ್ ಬಂದೇ ಬರುತ್ತೆ ಅಂತಲ್ಲ. ಆದ್ರೆ ಬೇರೆಯವರಿಗಿಂತ ಅಪಾಯ ಹೆಚ್ಚು. ಮಗು ಆದ್ರೆ ಅದಕ್ಕೂ ದಾಟೋ ಸಾಧ್ಯತೆ ಅರ್ಧಕ್ಕರ್ಧ.”

ಡಾಕ್ಟರು ಹುಲ್ಲಿನ ಹೊರೆಯ ಮೇಲೆ ಕೂತರು. ಅವರು ಎದ್ದು ಹೋಗುತ್ತಾರೆಂದೇ ಅವಳು ಕಾದಳು.

“ನಂಗೆ ಹೆದರಿಕೆ ಆಗ್ತಿದೆ,” ಎಂದರು ಕೊನೆಗೆ.

ಅವಳ ಕುಡುಗೋಲು ನಿಂತಿತು. ಹೋದ ವಾರದಿಂದ ಎಲ್ಲರೂ ‘ಏನೂ ಆಗಲ್ಲ ಬಿಡು’ ಎಂದೇ ಬಾಯಿ ಮುಚ್ಚಿಸಿದ್ದರು. ತನ್ನ ಭಯದ ಪಕ್ಕದಲ್ಲಿ ಬಂದು ಕೂತವರು ಇವರೊಬ್ಬರೇ.

“ಹೆದರಿಕೆ ಆದ್ರೆ ಮತ್ತೆ?”

“ಮತ್ತೇನು? ಕರು ಆರಿಸೋದು ನನ್ನ ಕಸುಬು. ನಿಮ್ಮನ್ನ ನಾನೆಲ್ಲಿ ಆರಿಸ್ದೆ? ಸಿಕ್ಕಿಬಿದ್ದೆ.”

ಅವಳಿಗೆ ನಗು ಬಂತು. ತಡೆಯಲು ನೋಡಿದಳು. ನಗುವಿನ ಜೊತೆಗೇ ಕಣ್ಣೂ ತುಂಬಿತು. ಅವರು ಕೈ ಚಾಚಿ ಕಿವಿಯ ಬಳಿಯ ಎಸಳನ್ನು ತೆಗೆದರು. ತೆಗೆದ ಬೆರಳು ಅಲ್ಲೇ ಸ್ವಲ್ಪ ತಡೆಯಿತು.

“ಮಗು ವಿಷಯ?” ಅವಳ ದನಿ ಇಳಿದಿತ್ತು.

“ಈಗ್ಲೇ ಉತ್ತರ ಗೊತ್ತಿಲ್ಲ. ಇಬ್ರೂ ಕೂತು ಯೋಚಿಸೋಣ. ಒಬ್ರೇ ಕೂತು ಬೇಡ ಅಂದುಬಿಡೋದು ನ್ಯಾಯಾನಾ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಸೋಮವಾರ ಸ್ಕ್ಯಾನ್ ಇದೆ. ಇನ್ಮೇಲೆ ವರ್ಷಾ ವರ್ಷಾನೂ ಇರುತ್ತೆ.”

“ವರ್ಷಾ ವರ್ಷಾನೂ ಬರ್ತೀನಿ.”

“ಸ್ನಾನ ಮಾಡ್ಕೊಂಡು ಬನ್ನಿ ಡಾಕ್ಟ್ರೇ. ಆಸ್ಪತ್ರೇಲಿ ಇವ್ರು ನಮ್ಮೋರು ಅಂತ ಹೇಳ್ಕೋಬೇಕು ನಾನು.”